ಮಂಡಗದ್ದೆಯ ಸುಗ್ಗಿ ಒಲೆಯ ಮುಂದೆ

ಶಿವಮೊಗ್ಗದಿಂದ ತೀರ್ಥಹಳ್ಳಿಯ ಹಾದಿ ಹಿಡಿದರೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳು ಅರ್ಧ ಮುಳುಗಿರುತ್ತವೆ. ಮೇಲಿನ ರೆಂಬೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಸಂಸಾರ. ಮರಿಗಳು ಬಲಿತು ಹಕ್ಕಿಗಳು ಹೊರಡುವ ಹೊತ್ತಿಗೆ ಈ ಸೀಮೆಯಲ್ಲಿ ಅಡಿಕೆ ಸುಗ್ಗಿ ಶುರುವಾಗುತ್ತದೆ.

ಹಕ್ಕಿ ನೋಡಲು ಮಕ್ಕಳನ್ನು ಕರೆತರುವವರು ಸುಗ್ಗಿಯ ಒಲೆಯನ್ನೂ ತೋರಿಸಬೇಕು. ಸುಲಿದ ಹಸಿ ಅಡಿಕೆ ದೊಡ್ಡ ಹಂಡೆಯಲ್ಲಿ ಚೊಗರಿನೊಂದಿಗೆ ಬೇಯುತ್ತಿರುತ್ತದೆ. ಕಟ್ಟಿಗೆಯ ಶಾಖದಲ್ಲಿ ಒಂದು ಪಾಲು ಅಡಿಕೆಗೆ. ಉಳಿದದ್ದು ಹೊಗೆಯೊಡನೆ ಆಕಾಶಕ್ಕೆ. ಆ ಪೋಲಾಗುವ ಬಿಸಿಯಿಂದ ಅಂಗಳಕ್ಕೊಂದು ದೀಪ ಹೊತ್ತಿಸಬಹುದೆ?

ಹೊತ್ತಿಸಬಹುದು. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಒಂದು ಬೆಸುಗೆಯನ್ನು ಕಾಯಿಸಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು 1821ರಲ್ಲಿ ಥಾಮಸ್ ಸೀಬೆಕ್ ಕಂಡರು. ಮುಳ್ಳನ್ನು ತಿರುಗಿಸಿದ್ದು ಬೆಸುಗೆಗಳ ತಾಪದ ವ್ಯತ್ಯಾಸದಿಂದ ಹರಿದ ವಿದ್ಯುತ್ತು. ಇದೇ ಥರ್ಮೋಎಲೆಕ್ಟ್ರಿಕ್ ಪರಿಣಾಮ. ತುಂಗೆ ಹರಿಯಲು ಇಳಿಜಾರು ಬೇಕಲ್ಲವೆ? ಹಾಗೆಯೇ ಇಲ್ಲಿ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಇರಬೇಕು. ಬರೀ ಬಿಸಿ ಸಾಲದು.

ಈ ಕೆಲಸಕ್ಕೆ ಹೆಸರಾದ ಬಿಸ್ಮತ್ ಟೆಲ್ಯುರೈಡ್ ಹೆಂಚಿನಂತೆ ಪೆಡಸು, ಬಗ್ಗಿಸಿದರೆ ಒಡೆಯುತ್ತದೆ. ಒಲೆಯ ಹೊಗೆಕೊಳವೆಯೋ ದುಂಡಗಿನದು. ಚಪ್ಪಟೆ ಬಿಲ್ಲೆ ಅದಕ್ಕೆ ಒಂದು ಗೆರೆಯಷ್ಟೇ ತಾಗೀತು. ಆದ್ದರಿಂದಲೇ ಬಟ್ಟೆಯಂತೆ ಸುತ್ತಬಹುದಾದ ಸಾಧನಗಳ ಹುಡುಕಾಟ. ಬಳುಕುವ ಹಾಳೆಯ ಮೇಲೆ ಪುಟ್ಟ ಪುಟ್ಟ ತುಣುಕುಗಳನ್ನು ಜೋಡಿಸುವುದು ಒಂದು ದಾರಿ. ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಇನ್ನೊಂದು. ಬೆಳ್ಳಿ ಸಲ್ಫೈಡ್ ಎಂಬ ಅರೆವಾಹಕ ಕೋಣೆಯ ತಾಪದಲ್ಲೇ ಲೋಹದಂತೆ ಬಾಗುತ್ತದೆಂದು ಚೀನಾದ ವಿಜ್ಞಾನಿಗಳು 2018ರಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ಮತ್ತು ಸಂಗಡಿಗರು ಬೆಳ್ಳಿ, ಆಂಟಿಮನಿ, ಟೆಲ್ಯೂರಿಯಮ್‌ಗಳ ಸಂಯುಕ್ತಕ್ಕೆ ಕೊಂಚ ಕ್ಯಾಡ್ಮಿಯಮ್ ಬೆರೆಸಿ ಅದರ ಸಾಮರ್ಥ್ಯವನ್ನು ಬಹಳ ಹೆಚ್ಚಿಸಿದರು. ಇದು 2021ರ ಮಾತು. ಅದು ಬಾಗುವ ವಸ್ತುವಲ್ಲ, ಆದರೆ ಪೋಲಾಗುವ ಶಾಖವನ್ನೇ ಗುರಿಯಾಗಿಟ್ಟ ಸಂಶೋಧನೆ.

ಒಂದು ಎಚ್ಚರಿಕೆ. ಇಂಥ ಪಟ್ಟಿಯನ್ನು ಹಂಡೆಗೆ ಸುತ್ತಿದರೆ ಅಡಿಕೆ ಬೇಯಿಸುವ ಶಾಖವನ್ನೇ ಕದ್ದಂತಾಗಿ ಕಟ್ಟಿಗೆ ಹೆಚ್ಚು ಬೇಕಾಗುತ್ತದೆ. ಸುತ್ತಬೇಕಾದದ್ದು ಹೊಗೆಕೊಳವೆಗೆ, ಅದೂ ಪಟ್ಟಿ ಸುಟ್ಟುಹೋಗದಷ್ಟು ಮೇಲಕ್ಕೆ. ಹೀಗೆ ಹಾದುಹೋಗುವ ನೂರು ಪಾಲು ಶಾಖದಲ್ಲಿ ವಿದ್ಯುತ್ತಾಗುವುದು ಕೆಲವೇ ಪಾಲು. ಸಣ್ಣ ದೀಪಕ್ಕೆ ಸಾಕು, ಪಂಪ್‌ಸೆಟ್ಟಿಗಲ್ಲ.

ಹಾಗಾಗಿ ಮೊದಲ ಕೆಲಸ ಒಲೆಯನ್ನೇ ಸುಧಾರಿಸುವುದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆಯನ್ನು ನಾಡಿಗೆ ಕೊಟ್ಟದ್ದು ಇದೇ ವಿವೇಕದಿಂದ. ಉಳಿಸಿದ ಕಟ್ಟಿಗೆಯೆಂದರೆ ಕಾಡಿನಲ್ಲಿ ಉಳಿದ ಮರ. ಉಳಿಸಿಯೂ ಮಿಕ್ಕು ಹೋಗುವ ಬಿಸಿಗೆ ಮಾತ್ರ ಈ ಹೊಸ ಪಟ್ಟಿ.

ಮಕ್ಕಳೇ, ತಾಮ್ರ ಮತ್ತು ಕಬ್ಬಿಣದ ತಂತಿಗಳ ಒಂದು ತುದಿಯನ್ನು ಹೊಸೆಯಿರಿ. ಉಳಿದೆರಡು ತುದಿಗಳನ್ನು ಶಾಲೆಯ ಸೂಕ್ಷ್ಮ ಗ್ಯಾಲ್ವನೋಮೀಟರಿಗೆ ಸೇರಿಸಿ, ಹೊಸೆದ ಕಡೆ ಮೇಣದಬತ್ತಿ ಹಿಡಿಯಿರಿ. ಹಿರಿಯರು ಪಕ್ಕದಲ್ಲಿರಲಿ. ಮುಳ್ಳು ಕೂದಲೆಳೆಯಷ್ಟು ಸರಿದರೂ ಸಾಕು, ಸೀಬೆಕ್ ಕಂಡದ್ದನ್ನೇ ನೀವೂ ಕಂಡಿರಿ.