ಎಸ್ಸೆಸ್ಡಿ, ಅಡಿಕೆ ಮಂಡಿ ಮತ್ತು ಕೊಟ್ಟ ಮಾತು

ಎಸ್ಸೆಸ್ಡಿ ಒಂದನ್ನ ಹಾಕಿಬಿಟ್ರೆ ಎಂಥ ಸರ್ವರ್ ಆದ್ರೂ ಕುದುರೆ ಥರ ಓಡುತ್ತೆ ಅನ್ನೋ ನಂಬಿಕೆ ನಮ್ಮ ಸಾಫ್ಟ್‌ವೇರ್ ಮಂದಿಯಲ್ಲೂ ಇದೆ. ಆದ್ರೆ ಅದನ್ನ ಯಾವ ಕೆಲಸಕ್ಕೆ ಹಚ್ಚುತ್ತೀವಿ ಅನ್ನೋದೇ ಮುಖ್ಯ.

ಶಿವಮೊಗ್ಗದಲ್ಲಿ ನನ್ನ ಸೋದರಮಾವಂದು ಅಡಿಕೆ ಮಂಡಿ. ಅಲ್ಲಿನ ಬಿಲ್ಲಿಂಗಿಗೆ ಒಂದು ಪುಟ್ಟ ಸರ್ವರ್ ಮಾಡಿಕೊಟ್ಟಿದ್ದೀನಿ. ಎರಡು ಹಾರ್ಡ್ ಡಿಸ್ಕ್, ಎರಡರಲ್ಲೂ ಅದೇ ಡೇಟಾ, ಫೈಲ್ ಸಿಸ್ಟಮ್ ಜೆಡ್ಎಫ್ಎಸ್. ಬಿಲ್ ಸೇವ್ ಆಗೋದು ನಿಧಾನ ಅಂತ ಮಾವ ಫೋನ್ ಮಾಡಿದ್ರು. "ಏ ಮಾರಾಯ, ಅದೇನೋ ಎಸ್ಸೆಸ್ಡಿ ಅಂತ ಇದ್ಯಂತಲ್ಲ, ಅದನ್ನ ಹಾಕೋ!"

ಹಾಕಬಹುದು. ಆದ್ರೆ ಹಾಕೋಕೆ ಎರಡು ಜಾಗ ಇದೆ.

ಒಂದು, ಕ್ಯಾಶ್. ಪದೇ ಪದೇ ಓದೋ ಡೇಟಾ ಮೊದಲು ರ‍್ಯಾಮ್‌ನಲ್ಲಿರುತ್ತೆ, ಅಲ್ಲಿ ಹಿಡಿಸದೇ ಇದ್ದದ್ದು ಎಸ್ಸೆಸ್ಡಿಗೆ ಬರುತ್ತೆ. ಅಟ್ಟದ ಮೇಲಿನ ಲೆಡ್ಜರಿನ ಜೆರಾಕ್ಸ್ ಪ್ರತಿಯನ್ನ ಮೇಜಿನ ಮೇಲೆ ಇಟ್ಟುಕೊಂಡ ಹಾಗೆ. ಕಳೆದ್ರೂ ಚಿಂತೆಯಿಲ್ಲ, ಅಸಲು ಅಟ್ಟದಲ್ಲಿದೆ. ಆದ್ರೆ ಮಾವನ ತೊಂದರೆ ಓದೋದರಲ್ಲಿ ಅಲ್ಲ, ಬರೆಯೋದರಲ್ಲಿ.

ಇನ್ನೊಂದು, ಲಾಗ್. ಬಿಲ್ ಸೇವ್ ಮಾಡುವಾಗ ಡೇಟಾಬೇಸು "ಬರೆದಾಯ್ತಾ?" ಅಂತ ಕೇಳಿ ಕಾಯುತ್ತೆ. ಬರೀ ರ‍್ಯಾಮ್ ನಂಬಿ "ಆಯ್ತು" ಅನ್ನೋ ಹಾಗಿಲ್ಲ. ಅದಕ್ಕೇ ಜೆಡ್ಎಫ್ಎಸ್ ಮೊದಲು ಲಾಗ್‌ನಲ್ಲಿ ಗೀಚಿಕೊಂಡು "ಆಯ್ತು" ಅನ್ನುತ್ತೆ. ಆಮೇಲೆ, ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ, ರ‍್ಯಾಮ್‌ನಲ್ಲಿರೋದನ್ನೆಲ್ಲ ಒಟ್ಟಿಗೆ ಡಿಸ್ಕಿಗೆ ಬರೆಯುತ್ತೆ. ಲಾಗ್ ಅದೇ ಹಾರ್ಡ್ ಡಿಸ್ಕಿನಲ್ಲಿದ್ರೆ ಅದರ ಹೆಡ್ಡು ಓಡಾಡೋಕೇ ಪ್ರತಿಸಲ ಹಲವು ಮಿಲಿಸೆಕೆಂಡು ಬೇಕು. ನಿಧಾನ ಆಗ್ತಿದ್ದಿದ್ದು ಇಲ್ಲೇ.

ನಮ್ಮಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ರು. 1923ರಲ್ಲಿ ಉತ್ಪಾದನೆ ಶುರುಮಾಡಿದ, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಾರ್ಖಾನೆ ಅದು. ಶಿಫ್ಟ್ ಮುಗಿಸೋ ಮುಂಚೆ ಲಾಗ್‌ಬುಕ್ ಬರೆಯಲೇಬೇಕಿತ್ತಂತೆ. "ಮುಕ್ಕಾಲು ಪಾಲು ಪುಟ ಯಾರೂ ತಿರುಗಿ ನೋಡಲ್ಲ, ಏನಾದ್ರೂ ಕೆಟ್ಟ ದಿನ ಎಲ್ಲರೂ ಅದನ್ನೇ ಹುಡುಕ್ತಾರೆ" ಅಂತಾರೆ ಅಪ್ಪ. ಜೆಡ್ಎಫ್ಎಸ್ ಲಾಗ್ ಕೂಡ ಥೇಟ್ ಹಾಗೇ. ಕರೆಂಟ್ ಹೋಗಿ ಸರ್ವರ್ ದಢಕ್ಕನೆ ನಿಂತು, ಮತ್ತೆ ಎದ್ದಾಗ ಮಾತ್ರ ಅದನ್ನ ಓದೋದು.

ಗಾಳಿಮಳೆಗೆ ಕರೆಂಟ್ ಹೋಗೋದು ಮಲೆನಾಡಿಗೆ ಹೊಸದಲ್ಲ, ಯುಪಿಎಸ್ ಬ್ಯಾಟರಿ ಕೂಡ ಒಂದಲ್ಲ ಒಂದು ದಿನ ಕೈಕೊಡುತ್ತೆ. ಅದಕ್ಕೇ ಲಾಗ್‌ಗೆ ಸಿಕ್ಕಿದ ಎಸ್ಸೆಸ್ಡಿ ಆಗಲ್ಲ. ಅಗ್ಗದ ಕೆಲವು ಡ್ರೈವುಗಳು ಡೇಟಾ ಇನ್ನೂ ತಮ್ಮ ರ‍್ಯಾಮ್‌ನಲ್ಲಿರುವಾಗಲೇ "ಆಯ್ತು" ಅಂದುಬಿಡ್ತವೆ. ಕರೆಂಟ್ ಹೋದ್ರೂ ಕೈಯಲ್ಲಿರೋದನ್ನ ಬರೆದು ಮುಗಿಸೋಕೆ ಕಪಾಸಿಟರ್ ಇರೋ ಡ್ರೈವೇ ಬೇಕು. ಗಾತ್ರ ಸಣ್ಣದಾದ್ರೂ ನಡೆಯುತ್ತೆ. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ ಹೆಚ್ಚಂದ್ರೆ 125 ಎಂಬಿ ಬರುತ್ತೆ, ಅಂದ್ರೆ 5 ಸೆಕೆಂಡಿಗೆ 625 ಎಂಬಿ. 16 ಜಿಬಿ ಧಾರಾಳ ಆಯ್ತು.

ಅಂಥದ್ದೊಂದನ್ನ ಲಾಗ್‌ಗೆ ಹಾಕಿದೆ. ಕ್ಯಾಶ್‌ಗೆ ಅಂತ ಬೇರೆ ಎಸ್ಸೆಸ್ಡಿ ತರಲಿಲ್ಲ, ಆ ದುಡ್ಡಿಗೆ ರ‍್ಯಾಮ್ ಹೆಚ್ಚಿಸಿದೆ. ಈಗ ಬಿಲ್ ಚಕಚಕ ಅಂತ ಸೇವ್ ಆಗುತ್ತೆ. ಮಾವನಿಗೆ ಅಷ್ಟು ಸಾಕು.

ನನಗೆ ಸಮಾಧಾನ ಬೇರೆಯದು. ವರ್ಷದ ಬೆಳೆ ತಂದು ಹಾಕಿದ ರೈತನ ಲೆಕ್ಕಕ್ಕೆ ಕಂಪ್ಯೂಟರ್ "ಆಯ್ತು" ಅಂದ್ರೆ ಅದು ಮಂಡಿಯೇ ಕೊಟ್ಟ ಮಾತು. ಆ ಮಾತು ಬೇಗ ಬರಲಿ, ಸರಿ. ಆದ್ರೆ ಸುಳ್ಳಾಗಬಾರದು. ಏನಂತೀರಿ?