ಎಣಿಸದ ಚೀಲಗಳು

ಲೆಕ್ಕ ನೋಡುವ ಕಾಯಕದಲ್ಲಿ ಮೂವತ್ತೆರಡು ವರ್ಷ ಕಳೆದವರಿಗೆ ನಿವೃತ್ತಿಯಾದ ಮೇಲೂ ಅಂಕಿಗಳ ಚಟ ಬಿಡುವುದಿಲ್ಲ. 2010ರ ಮೇ ತಿಂಗಳಲ್ಲಿ ನಾವು ಮನೆಯವರೊಡನೆ ಅಮೆರಿಕದ ಹ್ಯೂಸ್ಟನ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯಂದಿರು ತೈಲಬಾವಿಗಳಿಗೆ ಬೇಕಾದ ವಾಲ್ವುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರು. ಊರಿನ ತುಂಬ ಆಗ ಒಂದೇ ಮಾತು. ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ನೆಲೆ ಸ್ಫೋಟಗೊಂಡು 11 ಮಂದಿ ಕೆಲಸಗಾರರು ಅಸುನೀಗಿದ್ದರು. ಎರಡು ದಿನಗಳ ತರುವಾಯ ಆ ನೆಲೆಯೂ ಮುಳುಗಿತು. ಒಂದೂವರೆ ಕಿಲೋಮೀಟರ್ ಆಳದಲ್ಲಿ ಬಿಪಿ ಕಂಪನಿಯ ಬಾವಿಯಿಂದ ಎಣ್ಣೆ ಉಕ್ಕುತ್ತಲೇ ಇತ್ತು.

ಸಂಸತ್ತಿನಿಂದ ಒತ್ತಾಯ ಬಂದ ಮೇಲೆ ಕಂಪನಿ ಕಡಲಡಿಯ ಕ್ಯಾಮರಾದ ನೇರ ಪ್ರಸಾರಕ್ಕೆ ಒಪ್ಪಿತು. ಟಿ.ವಿ.ಯಲ್ಲಿ ಹಗಲಿರುಳು ಅದೇ ದೃಶ್ಯ. ಮುರಿದ ಕೊಳವೆಯ ಬಾಯಿಂದ ಕಂದು ಹೊಗೆಯಂಥದ್ದು ಎಡೆಬಿಡದೆ ಏಳುತ್ತಿತ್ತು. ದಡದಲ್ಲಿ ರೆಕ್ಕೆಗೆ ಎಣ್ಣೆ ಮೆತ್ತಿಕೊಂಡು ಹಾರಲಾರದೆ ನಿಂತ ಪೆಲಿಕನ್ ಹಕ್ಕಿಗಳು. ಊಟದ ಹೊತ್ತಿನಲ್ಲಿ ಇದನ್ನು ಹಾಕಬೇಡವೆಂದು ಮನೆಯವರು ಮಗಳಿಗೆ ಹೇಳಿಬಿಟ್ಟರು.

ನಮ್ಮ ಗಮನವೆಲ್ಲ ಅಂಕಿಯ ಮೇಲಿತ್ತು. ಮೊದಲು ದಿನಕ್ಕೆ 1,000 ಬ್ಯಾರೆಲ್ ಎಂದರು. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರು. ಏಪ್ರಿಲ್ ಕೊನೆಗೆ ಸರಕಾರ 5,000 ಎಂದಿತು. ವಾರಗಟ್ಟಲೆ ಅದೇ ನಿಂತಿತು. ಮೇ ನಡುವಿನಲ್ಲಿ ಕಂಪನಿ ಹೊರಬಿಟ್ಟ ಚಿಕ್ಕದೊಂದು ಚಿತ್ರಿಕೆಯನ್ನು ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟೀವ್ ವೆರೆಲಿ ಪರೀಕ್ಷಿಸಿದರು. ಎಣ್ಣೆಯ ಸುಳಿಗಳು ಕ್ಷಣಕ್ಷಣಕ್ಕೆ ಎಷ್ಟು ಸರಿದವೆಂದು ನೋಡಿ ವೇಗವನ್ನು ತಿಳಿದು, ಅದನ್ನು ಕೊಳವೆಯ ಬಾಯಿಯ ವಿಸ್ತೀರ್ಣದಿಂದ ಗುಣಿಸಿ, ದಿನಕ್ಕೆ ಸುಮಾರು 70,000 ಬ್ಯಾರೆಲ್ ಎಂದರು. ಅದರಲ್ಲಿ ಅನಿಲವೂ ಬೆರೆತಿದೆಯೆಂದು ತಕರಾರು ಬಂದಿತು. ಇರಬಹುದು, ಅನಿಲವನ್ನು ಕಳೆದರೂ ಅದು 5,000ಕ್ಕೆ ಇಳಿಯುವ ಲೆಕ್ಕವಲ್ಲವೆಂದು ನಮಗೆ ತೋರಿತು.

"ಮಾವನವರೇ, ಅಳತೆಯನ್ನು ಆಮೇಲೆ ನೋಡಿಕೊಳ್ಳಬಹುದು. ಮೊದಲು ಬಾವಿ ಮುಚ್ಚಬೇಕಲ್ಲವೆ?" ಎಂದರು ಅಳಿಯಂದಿರು. ಕಂಪನಿಯವರ ಮಾತೂ ಅದೇ ಆಗಿತ್ತು. ಆದರೆ ಆ ದೇಶದ ಕಾನೂನಿನಲ್ಲಿ ದಂಡ ಬ್ಯಾರೆಲ್ ಲೆಕ್ಕದಲ್ಲಿ: ಆಗ ಒಂದಕ್ಕೆ 1,100 ಡಾಲರ್‌ವರೆಗೆ, ಘೋರ ನಿರ್ಲಕ್ಷ್ಯ ಸಾಬೀತಾದರೆ 4,300ರವರೆಗೆ. ದಂಡ ಕಟ್ಟಬೇಕಾದವನೇ ಅಳತೆ ಈಗ ಬೇಡವೆಂದರೆ ಲೆಕ್ಕ ನೋಡುವವನ ಕಿವಿ ನಿಮಿರದೆ ಇದ್ದೀತೆ? ಮುಚ್ಚುವುದಕ್ಕೂ ಅಳತೆ ಬೇಕಿತ್ತು. ಮೇ ಕೊನೆಯಲ್ಲಿ ಭಾರವಾದ ಕೆಸರನ್ನು ತುಂಬಿ ಬಾವಿಯನ್ನು ಅದುಮಲು ಹೋದರು. ಒಳಗಿನ ರಭಸ ಕೆಸರನ್ನೇ ಹೊರಕ್ಕೆ ತಳ್ಳಿತು.

ಇಷ್ಟೆಲ್ಲ ತೋಚಿದರೂ ನಾವು ಅಳಿಯಂದಿರೊಡನೆ ವಾದಕ್ಕೆ ಇಳಿಯಲಿಲ್ಲ. ಕಾರಣವನ್ನು ಹೇಳಿಕೊಳ್ಳುವುದು ಸುಲಭವಲ್ಲ, ಓದುಗರು ಸಹಿಸಬೇಕು.

ನಾವು ಇಲಾಖೆಗೆ ಸೇರಿದ ಮೂರನೆಯ ವರ್ಷ. ಹಳ್ಳಿಯೊಂದರ ಸಹಕಾರ ಸಂಘದ ಗೋದಾಮಿಗೆ ದಾಸ್ತಾನು ತಪಾಸಣೆಗೆ ಹೋಗಿದ್ದೆವು. ಸಂಜೆಯಾಗಿತ್ತು, ಮಳೆಯ ಮೋಡ ಕವಿದಿತ್ತು, ಕೊನೆಯ ಬಸ್ಸಿಗೆ ಅರ್ಧ ತಾಸು ಉಳಿದಿತ್ತು. ಜೋಳದ ಚೀಲಗಳನ್ನು ತೊಲೆಯವರೆಗೆ ಒಟ್ಟಿದ್ದರು. "ಪುಸ್ತಕದಲ್ಲಿದ್ದಷ್ಟೇ ಇವೆ, ಸಾಹೇಬರೆ" ಎಂದರು ಕಾರ್ಯದರ್ಶಿಗಳು. ಎದುರಿನ ಸಾಲನ್ನು ಮಾತ್ರ ಎಣಿಸಿ, ಹಿಂದಿನ ಸಾಲುಗಳನ್ನು ಕಣ್ಣಂದಾಜಿನಿಂದ ಗುಣಿಸಿ, ಪುಸ್ತಕದ ಅಂಕಿಯ ಕೆಳಗೆ ಸಹಿ ಮಾಡಿದೆವು. ನಾಲ್ಕು ತಿಂಗಳ ಮೇಲೆ 43 ಚೀಲ ಕಡಿಮೆ ಬಿದ್ದವು. ನಮ್ಮ ಸಹಿಯಿದ್ದುದರಿಂದ ಆ ದಿನದವರೆಗೆ ಎಲ್ಲವೂ ಸರಿಯಿತ್ತೆಂದೇ ತೀರ್ಮಾನವಾಯಿತು. ತರುವಾಯ ಕೀಲಿಕೈ ಹಿಡಿದವನು ಹೊಸದಾಗಿ ಬಂದ ಕಾವಲುಗಾರ. ಅವನನ್ನು ಕೆಲಸದಿಂದ ತೆಗೆದರು. ನಮ್ಮನ್ನು ಯಾರೂ ಕೇಳಲಿಲ್ಲ. ನಾವಾಗಿ ಹೇಳಲೂ ಇಲ್ಲ.

ಕೊಲ್ಲಿಯ ಬಾವಿಯನ್ನು 87 ದಿನಗಳಾದ ಮೇಲೆ, ಜುಲೈ 15ರಂದು ಮುಚ್ಚಿದರು. ಆಗಸ್ಟಿನಲ್ಲಿ ಸರಕಾರದ ತಜ್ಞರು ಹೇಳಿದ ಅಂಕಿ ಮೊದಲು ದಿನಕ್ಕೆ 62,000, ಕೊನೆಗೆ 53,000. ಒಟ್ಟು 49 ಲಕ್ಷ ಬ್ಯಾರೆಲ್. ಸುರಕ್ಷತೆಯನ್ನು ನೋಡಬೇಕಾದ ಸರಕಾರಿ ಕಚೇರಿಯೇ ಬಾವಿಗಳಿಂದ ಸರಕಾರಕ್ಕೆ ಬರಬೇಕಾದ ಹಣವನ್ನೂ ವಸೂಲು ಮಾಡುತ್ತಿದ್ದುದು ಆಗ ಚರ್ಚೆಗೆ ಬಂದಿತು. ಕಾರ್ಯದರ್ಶಿಯೇ ಲೆಕ್ಕ ತಪಾಸಣೆಯನ್ನೂ ಮಾಡಿದಂತೆ! 2011ರ ಹೊತ್ತಿಗೆ ಆ ಕೆಲಸಗಳನ್ನು ಬೇರ್ಪಡಿಸಿದರು. 2012ರಲ್ಲಿ ಕಂಪನಿ ಒಪ್ಪಿಕೊಂಡ ಅಪರಾಧಗಳಲ್ಲಿ 11 ಸಾವುಗಳ ಜೊತೆಗೆ, ಹರಿವಿನ ಪ್ರಮಾಣದ ಬಗ್ಗೆ ಸಂಸತ್ತಿನ ವಿಚಾರಣೆಗೆ ಅಡ್ಡಿ ಮಾಡಿದ್ದೂ ಸೇರಿತ್ತು.

2015ರ ಜನವರಿಯಲ್ಲಿ ನ್ಯಾಯಾಲಯದ ನಿರ್ಣಯ ಬಂದ ರಾತ್ರಿ ಅಳಿಯಂದಿರು ಫೋನ್ ಮಾಡಿದರು. ಹಿಡಿದಿಟ್ಟ ಎಣ್ಣೆಯನ್ನು ಕಳೆದು ಕಡಲಿಗೆ ಸೇರಿದ್ದು ಸುಮಾರು 42 ಲಕ್ಷ ಬ್ಯಾರೆಲ್ ಎಂದು ಸರಕಾರದ ವಾದ, 24.5 ಲಕ್ಷ ಎಂದು ಕಂಪನಿಯ ವಾದ. ನ್ಯಾಯಾಧೀಶರು 31.9 ಲಕ್ಷ ಎಂದು ನಿರ್ಧರಿಸಿದ್ದರು. "ಅಂದು ನೀವು ಏನನ್ನೋ ಹೇಳಹೊರಟು ಸುಮ್ಮನಾದಿರಿ, ಮಾವನವರೇ" ಎಂದರು.

ಕಾವಲುಗಾರನ ಸಂಗತಿಯನ್ನು ಅವರಿಗೆ ಆಗ ಹೇಳಿದೆವು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರೂ ಅದನ್ನು ಕೇಳಿದ್ದು ಅದೇ ಮೊದಲು.