ಒತ್ತಕ್ಷರಕ್ಕೊಂದು ಚಿಪ್

ಬೆಂಗಳೂರಿನ ಬಿಟಿಎಂ ಲೇಔಟಿನ ಥರ್ಟಿ ಫಾರ್ಟಿ ಸೈಟುಗಳು ಅಳತೆಯಲ್ಲಿ ಒಂದಿಂಚೂ ಬೆಳೆದಿಲ್ಲ. ಒಂದು ಮನೆ, ಒಂದು ತೆಂಗಿನಮರ ಇದ್ದ ಜಾಗದಲ್ಲೇ ಈಗ ನಾಲ್ಕು ಮಹಡಿ, ಮೇಲೊಂದು ಪಿಜಿ. ಚಿಪ್ ಹೇಗೆ ಬೆಳೆಯಿತು ಎಂದು ಯಾರಾದರೂ ಕೇಳಿದರೆ ನಾನು ಆ ಬೀದಿಯನ್ನೇ ತೋರಿಸುತ್ತೇನೆ. 1971ರಲ್ಲಿ ಜಪಾನಿನ ಕ್ಯಾಲ್ಕುಲೇಟರ್ ಕಂಪನಿಯೊಂದಕ್ಕಾಗಿ ಇಂಟೆಲ್ ಮಾಡಿಕೊಟ್ಟ 4004 ಚಿಪ್‌ನಲ್ಲಿದ್ದದ್ದು 2,300 ಟ್ರಾನ್ಸಿಸ್ಟರು. 2020ರ ಆಪಲ್ ಎಂ1ರಲ್ಲಿ 1,600 ಕೋಟಿ. ಅವೆಲ್ಲ ಕೂತ ಜಾಗ ಮಾತ್ರ ಹೆಬ್ಬೆರಳಿನ ಉಗುರಿನಷ್ಟೇ. ವರ್ಷಕ್ಕೊಮ್ಮೆ ಈ ಸಂಖ್ಯೆ ದುಪ್ಪಟ್ಟಾಗುತ್ತದೆ ಎಂದು ಗಾರ್ಡನ್ ಮೂರ್ 1965ರಲ್ಲೇ ಬರೆದಿದ್ದರು; 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿಕೊಂಡರು.

ಎಪ್ಪತ್ತರ ದಶಕ ಎಂದಕೂಡಲೇ ನಮ್ಮೂರಿನ ಶಕುಂತಲಾ ದೇವಿ ನೆನಪಾಗುತ್ತಾರೆ. 1977ರಲ್ಲಿ ಡಲ್ಲಾಸಿನಲ್ಲಿ 201 ಅಂಕಿಯ ಸಂಖ್ಯೆಯೊಂದರ 23ನೇ ಮೂಲವನ್ನು ಅವರು 50 ಸೆಕೆಂಡಿನಲ್ಲಿ ಹೇಳಿಬಿಟ್ಟರು. ಯೂನಿವ್ಯಾಕ್ ಕಂಪ್ಯೂಟರಿಗೆ 62 ಸೆಕೆಂಡು ಹಿಡಿಯಿತು. ಇವತ್ತು ಜೇಬಿನಲ್ಲಿರುವ ಫೋನಿಗೆ ಅದು ರೆಪ್ಪೆ ಬಡಿಯುವಷ್ಟರ ಕೆಲಸವೂ ಅಲ್ಲ. ಆದರೂ ಆಕೆಯ ಮೇಲಿನ ನನ್ನ ಬೆರಗು ಕಿಂಚಿತ್ತೂ ಇಳಿದಿಲ್ಲ.

ಲೆಕ್ಕದ ಮಾತು ಹಾಗಿರಲಿ. ಈ ವೇಗವೆಲ್ಲ ನನಗೆ ಮುಖ್ಯವಾದದ್ದು ಕನ್ನಡದಿಂದಾಗಿ. ‘ಸ್ತ್ರೀ’ ಎಂದು ಬರೆಯುವುದನ್ನೇ ನೋಡಿ. ಯಂತ್ರಕ್ಕೆ ಅದು ಆರು ಸಂಕೇತ: ಸಕಾರ, ಹಲಂತ ಚಿಹ್ನೆ, ತಕಾರ, ಮತ್ತೆ ಹಲಂತ ಚಿಹ್ನೆ, ರಕಾರ, ಈಕಾರ. ತಕಾರ ಒತ್ತಾಗಿ ಕೆಳಗಿಳಿಯಬೇಕು, ಅದರ ಜೊತೆಗೆ ರಕಾರದ ಒತ್ತು ಕೂರಬೇಕು, ಗುಡಿಸು ಸಕಾರದ ತಲೆಯೇರಬೇಕು, ದೀರ್ಘ ಕೊನೆಗೆ ಬರಬೇಕು. ಎಂಬತ್ತರ ದಶಕದ ಪಿಸಿ ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಲಿಕ್ಕಷ್ಟೇ ಸಿದ್ಧವಾಗಿತ್ತು. ಭಾರತೀಯ ಲಿಪಿ ಬೇಕೆಂದರೆ, ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಕೊಂಡು ಪೆಟ್ಟಿಗೆಯೊಳಗೆ ಸಿಕ್ಕಿಸಬೇಕಿತ್ತು. ನಮ್ಮ ಒತ್ತಕ್ಷರಗಳಿಗೆಂದೇ ಬೇರೆ ಯಂತ್ರಾಂಶ!

ಆಮೇಲೆ ‘ಬರಹ’, ‘ನುಡಿ’ ತಂತ್ರಾಂಶಗಳು ಬಂದವು. ಜಯನಗರ ನಾಲ್ಕನೇ ಬ್ಲಾಕಿನ ಸುತ್ತಮುತ್ತ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದ ಡಿಟಿಪಿಯವರು ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನಿಟ್ಟ ಫಾಂಟುಗಳಲ್ಲೇ ಪುಟಗಟ್ಟಲೆ ಜೋಡಿಸಿದರು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಯೂನಿಕೋಡ್ ಫಾಂಟಿನೊಂದಿಗೆ ಬಂತು. ಒತ್ತು ಕೂರಿಸುವ ಕೆಲಸ ಯಂತ್ರದ ಪಾಲಾಯಿತು. ಕೆಲವೇ ವರ್ಷಗಳಲ್ಲಿ, ಚಿಪ್ ಕಾವೇರುತ್ತದೆಂದು ಗಿಗಾಹರ್ಟ್ಸ್ ವೇಗದ ಓಟ ನಿಂತು, ಒಂದೇ ಚಿಪ್‌ನಲ್ಲಿ ಎರಡು, ನಾಲ್ಕು, ಎಂಟು ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಸೇರಿಕೊಂಡವು. ಅದರ ಫಲ ಬನಶಂಕರಿಯಲ್ಲಿರುವ ನಮ್ಮ ದೊಡ್ಡಮ್ಮನವರೆಗೂ ಬಂದಿದೆ. ಬೆರಳು ನಡುಗುವುದರಿಂದ ಅವರಿಗೆ ಟೈಪ್ ಮಾಡಲಾಗದು. ಫೋನಿನ ಮೈಕ್ ಒತ್ತಿ “ನಾಳೆ ಏಕಾದಶಿ ಕಣೋ, ನಂಗೆ ಊಟ ಬೇಡ” ಅನ್ನುತ್ತಾರೆ. ಮಾತು ಅಕ್ಷರವಾಗಿ ಮೂಡುತ್ತದೆ. ಇಷ್ಟಕ್ಕಾದರೂ ಆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಸಾರ್ಥಕ ಎಂದು ನಾನು ಮನಸಾರೆ ನಂಬುತ್ತೇನೆ.

ಒಂದು ಚಿಂತೆ ಮಾತ್ರ ಉಳಿದಿದೆ. ಆ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಸ್ಮರಣ ಸಂಚಿಕೆ, ಕವನ ಸಂಕಲನ, ಜಾತ್ರೆಯ ಕರಪತ್ರಗಳು ಎಷ್ಟೋ ಹಾರ್ಡ್‌ಡಿಸ್ಕುಗಳಲ್ಲಿ ಹಾಗೇ ಇವೆ. ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅವನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಸಿಗುತ್ತವೆ. ಈಗಿನ ಚಿಪ್‌ಗೆ ಇಡೀ ಪುಸ್ತಕ ಬದಲಿಸುವುದು ಕ್ಷಣದ ಕೆಲಸ. ನಿಮ್ಮ ಅಟ್ಟದ ಮೇಲೆ ಅಂಥ ಕಂಪ್ಯೂಟರ್ ಇದ್ದರೆ, ದಯವಿಟ್ಟು, ಗುಜರಿಗೆ ಹಾಕುವ ಮುಂಚೆ ಆ ಫೈಲುಗಳನ್ನು ತೆಗೆದಿಟ್ಟುಕೊಳ್ಳಿ.